ಎರಡು ಗೂಬೆಗಳೂ ಒಂದೇ ಚಿತ್ರದಲ್ಲಿ

ಸೋಮವಾರ ಬೆಳಿಗ್ಗೆ ಮರ ಕಡಿಯುವ ಯಂತ್ರ ಕಾಡಿಗೆ ಇಳಿಯಲಿತ್ತು. ಅಷ್ಟರೊಳಗೆ ಎರಡು ಗೂಬೆಗಳು ಒಂದೇ ಚಿತ್ರದಲ್ಲಿ ಸಿಗಬೇಕಿತ್ತು. ವರ್ಷಾಳ ಮುಂದಿದ್ದ ಕೆಲಸ ಇಷ್ಟೇ. ಹೇಳುವುದಕ್ಕೆ ಬಹಳ ಸುಲಭ.

ವೆಸ್ಟೆರಾಸ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಅಲ್ಲಿ ಪೈನ್ ಕಾಡು ಮುಗಿದ ಮೇಲೆ ಅಗಲವಾದ ಜೌಗು ಬಯಲು, ಬಯಲಿನ ಕೊನೆಗೆ ಒಂದು ಸಣ್ಣ ತೊರೆ, ತೊರೆಯಾಚೆ ಹಳೆಯ ಸ್ಪ್ರೂಸ್ ಮರಗಳ ಗುಂಪು. ಆ ಮರಗಳಲ್ಲೊಂದರ ಮೇಲೆ ಗಿಡುಗ ಬಿಟ್ಟುಹೋದ ಹಳೆಯ ಗೂಡಿತ್ತು. ಮಾರ್ಚ್ ಮೊದಲ ವಾರದಲ್ಲಿ ವರ್ಷಾ ಅದರ ಹತ್ತಿರ ದೊಡ್ಡ ಬೂದು ಗೂಬೆಗಳ ಜೋಡಿಯನ್ನು ಕಂಡಿದ್ದಳು. ಸ್ವೀಡನ್ನಿನವರು ಇದನ್ನು ಲಾಪುಗ್ಲಾ ಎನ್ನುತ್ತಾರೆ. ಊಟದ ತಟ್ಟೆಯಷ್ಟು ಅಗಲದ ಮುಖ, ಅದರ ತುಂಬ ಉಂಗುರ ಉಂಗುರವಾಗಿ ಬೂದು ಗೆರೆಗಳು, ಮಧ್ಯೆ ಎರಡು ಹಳದಿ ಕಣ್ಣು. ಹಗಲಿನಲ್ಲೂ ಬೇಟೆಯಾಡುವ ಹಕ್ಕಿ.

ಅವಳು ತಕ್ಷಣ ಅರಣ್ಯದ ಕಚೇರಿಗೆ ಫೋನ್ ಮಾಡಿದ್ದಳು. ಅಲ್ಲಿನ ಹೆಂಗಸು ತುಂಬ ಸೌಜನ್ಯದಿಂದ ಮಾತನಾಡಿದ್ದಳು. ಗೂಬೆ ಹಾದುಹೋದರೆ ಕಡಿಯುವುದನ್ನು ನಿಲ್ಲಿಸಲಾಗುವುದಿಲ್ಲ, ಆದರೆ ಜೋಡಿಯೊಂದು ಗೂಡು ಹಿಡಿದಿದ್ದರೆ ನಿಲ್ಲಿಸಬಹುದು, ಅದಕ್ಕೆ ಪುರಾವೆ ಬೇಕು ಎಂದಿದ್ದಳು. ವರ್ಷಾ ಕಳಿಸಿದ ಚಿತ್ರದಲ್ಲಿ ಒಂದು ಮಸುಕಾದ ಬೂದು ಕಲೆ ಬಿಟ್ಟರೆ ಉಳಿದದ್ದೆಲ್ಲ ಮರ. ಬಹಳ ಸುಂದರವಾದ ಮರ ಎಂದು ಆ ಹೆಂಗಸು ಹೊಗಳಿದ್ದಳು. ವರ್ಷಾಳಿಗೆ ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತ್ತು.

ಕೆಲಸದ ಪರ್ಮಿಟ್ ಹಿಡಿದು ವರ್ಷಾ ಒಬ್ಬಳೇ ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತಿತ್ತು, ಅಕ್ಕನ ಮನೆ ದೂರದೂರಿನಲ್ಲಿತ್ತು, ತನ್ನ ಮನೆಗೆ ಬಂದರೆ ಮಾತನಾಡಲು ಯಾರೂ ಇರಲಿಲ್ಲ. ವಾಪಸ್ ಹೋಗಲು ಟಿಕೆಟ್ ನೋಡುತ್ತಿದ್ದಳು. ಆಫೀಸಿನ ಗೆಳತಿಯೊಬ್ಬಳು ದುರ್ಬೀನು ಕೊಟ್ಟು ಈ ಕಾಡಿಗೆ ಕರೆತಂದಳು. ಅವತ್ತು ಕಂಡ ಗೂಬೆ ಅವಳನ್ನು ಇಲ್ಲಿ ಉಳಿಸಿತು. ಈಗ ಗಂಡ ಸಂದೀಪ್ ಇದ್ದಾನೆ, ಮನೆ ಇದೆ, ಸ್ನೇಹಿತರಿದ್ದಾರೆ. ಆದರೂ ಈ ದೇಶದಲ್ಲಿ ತನ್ನದು ಎನ್ನುವ ಜಾಗ ಯಾವುದು ಎಂದು ಕೇಳಿದರೆ ಅವಳು ಆ ತೊರೆಯಾಚೆಯ ಮರಗಳನ್ನೇ ತೋರಿಸುತ್ತಿದ್ದಳು.

ಹಾಗಾಗಿ ಶನಿವಾರ, ಭಾನುವಾರ ಎರಡು ದಿನ. ಜೊತೆಗೆ ಅಕ್ಕನ ಮಗಳು ಚಾರ್ವಿ. ಸ್ವೀಡನ್ನಿನಲ್ಲೇ ಬೆಳೆದ ಹುಡುಗಿ, ಉಪ್ಸಾಲಾದಲ್ಲಿ ಓದುತ್ತಿದ್ದಾಳೆ, ನಡೆಯುವುದಕ್ಕಿಂತ ಸ್ಕೀಯಲ್ಲಿ ಸಲೀಸಾಗಿ ಹೋಗುತ್ತಾಳೆ, ಮುಖ್ಯವಾಗಿ ಮಾತು ಕಡಿಮೆ. ಇಬ್ಬರೇ ಸಾಕಿತ್ತು.

ಆದರೆ ಸಂದೀಪ್ ಬೆಂಗಳೂರಿಗೆ ಹೋಗಿದ್ದಾನೆ, ಹೆಣ್ಣುಮಕ್ಕಳಿಬ್ಬರೇ ಮೈನಸ್ ಇಪ್ಪತ್ತರಲ್ಲಿ ಕಾಡಿಗೆ ಹೊರಟಿದ್ದಾರೆ ಎಂಬ ಸುದ್ದಿ ಟ್ರೋಲ್‌ಹೆಟ್ಟನ್‌ನಲ್ಲಿದ್ದ ಚಾರ್ವಿಯ ಅಮ್ಮ ಅನುರಾಧಕ್ಕನ ಕಿವಿಗೆ ಬಿತ್ತು. ಅವಳು ಗಂಡನನ್ನು ಹೊರಡಿಸಿಬಿಟ್ಟಳು. ಹೀಗೆ ಉಮಾಕಾಂತ ಭಾವ ಮೂರು ಚೀಲ ತಿಂಡಿ, ಒಂದು ಶಾಲು, ನಡೆದಾಗಲೆಲ್ಲ ಸರಬರ ಎನ್ನುವ ಹೊಸ ಹಳದಿ ಜಾಕೆಟ್ಟಿನ ಸಮೇತ ಕಾಡಂಚಿನ ಬಾಡಿಗೆ ಮರದ ಮನೆಗೆ ಬಂದಿಳಿದರು.

ಭಾವನಿಗೆ ಬೈಯುವ ಹಾಗಿಲ್ಲ. ವರ್ಷಾಳ ಮದುವೆಯಲ್ಲಿ ಛತ್ರದಿಂದ ಹಿಡಿದು ಚಪ್ಪರದವರೆಗೆ ಎಲ್ಲದಕ್ಕೂ ಓಡಾಡಿದವರು ಅವರೇ. ಅವರೆದುರು ಅವಳು ಇವತ್ತಿನವರೆಗೆ ದನಿ ಎತ್ತಿದವಳಲ್ಲ. ಏನಾದರೂ ಹೇಳಬೇಕಾದರೆ ಚಾರ್ವಿಯ ಮೂಲಕ ಹೇಳಿಸುತ್ತಿದ್ದಳು. ಚಾರ್ವಿ ಅದನ್ನೆಲ್ಲ ಒಂದೇ ಸ್ವೀಡಿಷ್ ಪದಕ್ಕೆ ಇಳಿಸುತ್ತಿದ್ದಳು.

"ತೀಸ್ತ್, ಅಪ್ಪಾ."

ಅಂದರೆ ಸುಮ್ಮನಿರಿ. ಶನಿವಾರ ಒಂದೇ ದಿನ ಅವಳು ಇದನ್ನು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಇವರಿಬ್ಬರೂ ಸ್ಕೀ ಮೇಲೆ ಹೋದರೆ ಭಾವ ಕಾಲು ಹಿಮದಲ್ಲಿ ಹೂಳದಂತೆ ಅಗಲವಾದ ಸ್ನೋಶೂ ಕಟ್ಟಿಕೊಂಡು ಹಿಂದೆ ಬಂದರು. ತಮ್ಮ ಕಾಲನ್ನು ತಾವೇ ತುಳಿದು ಮೂರು ಸಲ ಬಿದ್ದರು. ಪ್ರತಿ ಸಲ ಎದ್ದು, ಬಿದ್ದದ್ದು ಹೇಗೆ ಎಂದು ವಿವರಿಸಿದರು. ಇಷ್ಟೆಲ್ಲ ಕಷ್ಟಪಟ್ಟು ಯಾರಾದರೂ ಗೂಬೆ ನೋಡಲು ಬರುತ್ತಾರೆಯೇ, ನವಿಲಾದರೂ ಆಗಿದ್ದರೆ ಒಂದು ಮಾತು ಎಂದರು. ಹಿಮದಡಿ ಓಡುವ ಇಲಿಯ ಸದ್ದನ್ನು ಮರದ ಮೇಲಿಂದಲೇ ಹಿಡಿಯುವ ಹಕ್ಕಿಗಾಗಿ ತೊರೆಯ ಈಚೆ ದಡದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾಗ ಭಾವ ಕೋಡುಬಳೆ ಕಡಿದರು. ಆಮೇಲೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಬಯಲನ್ನೆಲ್ಲ ತೋರಿಸಿದರು.

ಹೆಣ್ಣುಗೂಬೆ ಗೂಡಿನ ಪಕ್ಕದ ಕೊಂಬೆಯಲ್ಲಿ ಕೂತೇ ಇತ್ತು. ಗಂಡು ಬರಲೇ ಇಲ್ಲ. ಬೆಳಕು ಹೋಯಿತು. ವರ್ಷಾ ಹಲ್ಲು ಕಚ್ಚಿಕೊಂಡು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು.

ಮರದ ಮನೆಗೆ ಬಂದು ಕ್ಯಾಮೆರಾ ಚೀಲವನ್ನು ಹೊರಗಿನ ಜಗುಲಿಯಲ್ಲೇ ಇಟ್ಟಳು. ಚಳಿಗಾಲದಲ್ಲಿ ಚಿತ್ರ ತೆಗೆಯುವವರೆಲ್ಲ ಮಾಡುವುದು ಹಾಗೆಯೇ. ಹೊರಗಿನದು ಹೊರಗೇ ಇರಬೇಕು. ಬ್ಯಾಟರಿಯನ್ನು ಮಾತ್ರ ಜೇಬಿಗೆ ಹಾಕಿಕೊಂಡು ಮಲಗಿದಳು.

ಭಾನುವಾರ ಬೆಳಿಗ್ಗೆ ಭಾವ ಮನೆಯಲ್ಲೇ ಇರಲಿ ಎಂದು ಚಾರ್ವಿಯಿಂದ ಹೇಳಿಸಿ ನೋಡಿದ್ದಾಯಿತು. ಭಾವ ಒಪ್ಪಲಿಲ್ಲ. ನಿಮ್ಮಿಬ್ಬರನ್ನೂ ಕಣ್ಣಳತೆಯಲ್ಲೇ ಇಟ್ಟುಕೊಂಡಿರುತ್ತೇನೆ ಎಂದು ಅನುಗೆ ಮಾತು ಕೊಟ್ಟಿದ್ದೇನೆ ಎಂದರು. ಎಲ್ಲರಿಗಿಂತ ಮೊದಲೇ ಎದ್ದು ಮೂವರಿಗೂ ಬಿಸಿ ಬಿಸಿ ಉಪ್ಪಿಟ್ಟು ಬೇರೆ ಮಾಡಿದ್ದರು. ಚೆನ್ನಾಗಿಯೇ ಇತ್ತು. ಅದಕ್ಕೂ ವರ್ಷಾಳಿಗೆ ಸಿಟ್ಟು ಬಂತು.

ಹೊರಗೆ ಗಾಳಿಯಿರಲಿಲ್ಲ. ಪೈನ್ ಮರಗಳ ತುದಿಗೆ ಬಿಸಿಲು ತಾಗಿ ತಿಳಿಗುಲಾಬಿ ಬಣ್ಣ ಇಳಿಯುತ್ತಿತ್ತು. ಕೆಳಗೆ ಹಿಮವೆಲ್ಲ ಇನ್ನೂ ನೀಲಿ. ರಾತ್ರಿ ಮೊಲವೊಂದು ದಾರಿಯುದ್ದಕ್ಕೂ ಹೆಜ್ಜೆ ಬಿಟ್ಟು ಹೋಗಿತ್ತು. ಬಯಲಿಗೆ ಬಂದಾಗ ಜೌಗಿನ ಕುಳ್ಳ ಪೈನ್‌ಗಳು ಹಿಮ ಹೊತ್ತು ಬಾಗಿ ನಿಂತಿದ್ದವು, ದೂರದಲ್ಲಿ ತೊರೆಯ ಮೇಲೆ ಸಣ್ಣಗೆ ಆವಿ ಏಳುತ್ತಿತ್ತು. ನೀರು ಹರಿಯುವ ಕಡೆ ಮಂಜುಗಡ್ಡೆ ಗಟ್ಟಿಯಾಗಿರುವುದಿಲ್ಲ ಎಂದು ಆ ಆವಿಯೇ ಹೇಳುತ್ತಿತ್ತು. ಉದ್ದನೆಯ ಲೆನ್ಸ್ ಇದ್ದುದರಿಂದ ಅದನ್ನು ದಾಟುವ ಅಗತ್ಯ ಇವರಿಗೆ ಇರಲಿಲ್ಲ.

ಹೆಣ್ಣುಗೂಬೆ ಇವತ್ತು ಗೂಡಿನ ಅಂಚಿನಲ್ಲೇ ಕೂತಿತ್ತು. ವರ್ಷಾ ಕ್ಯಾಮೆರಾವನ್ನು ಮುಕ್ಕಾಲಿ ಸ್ಟ್ಯಾಂಡಿಗೆ ಏರಿಸಿ ಕಣ್ಣಿಟ್ಟಳು.

ಬಿಳಿ. ಬರೀ ಬಿಳಿ.

ಗಾಜನ್ನು ಒರೆಸಿದಳು. ಬಿಳಿ ಹೋಗಲಿಲ್ಲ. ಮಂಜು ಕಟ್ಟಿದ್ದು ಲೆನ್ಸಿನ ಒಳಗೆ.

"ಕ್ಯಾಮೆರಾ ಯಾರು ಮುಟ್ಟಿದ್ದು?" ಎಂದಳು.

ಭಾವ ಖುಷಿಯಿಂದಲೇ ಉತ್ತರ ಕೊಟ್ಟರು. "ನಾನೇ. ಆ ಚಳೀಲಿ ಹೊರಗಡೆ ಬಿದ್ದಿತ್ತಲ್ಲಮ್ಮ, ಪಾಪ ಅನ್ನಿಸ್ತು. ಉಪ್ಪಿಟ್ಟು ಮಾಡೋವಾಗ ಒಳಗೆ ತಂದು ಸ್ಟೌ ಪಕ್ಕ ಇಟ್ಟು ಶಾಲು ಹೊದಿಸಿದ್ದೆ. ಬೆಚ್ಚಗಾದ್ಮೇಲೆ ವಾಪಸ್ ಚೀಲದಲ್ಲಿಟ್ಟೆ."

ಉಪ್ಪಿಟ್ಟಿನ ಹಬೆಯೆಲ್ಲ ತಣ್ಣನೆಯ ಗಾಜಿಗೆ ಕೂತು ನೀರಾಗಿತ್ತು, ಹೊರಗೆ ಬಂದೊಡನೆ ಹೆಪ್ಪುಗಟ್ಟಿತ್ತು. ವಿಮಾನದ ಎಂಜಿನ್ನಿಗೆ ಮಂಜು ಕಟ್ಟಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ಸಂಬಳ ತೆಗೆದುಕೊಳ್ಳುವ ಮನುಷ್ಯ! ಕ್ಯಾಮೆರಾಗೆ ಚಳಿಯಾಗುತ್ತದೆಂದು ಶಾಲು ಹೊದಿಸಿದ್ದಾರೆ!

ಅಷ್ಟರಲ್ಲಿ ಚಾರ್ವಿ ಅವಳ ತೋಳು ಹಿಡಿದು ಬಯಲಿನ ಕಡೆ ತಿರುಗಿಸಿದಳು.

ಗಂಡು ಬರುತ್ತಿತ್ತು. ನೆಲದಿಂದ ಆಳೆತ್ತರದಲ್ಲಿ, ನಿಧಾನವಾಗಿ, ಒಂದಿಷ್ಟೂ ಸದ್ದಿಲ್ಲದೆ. ಬಾಯಲ್ಲಿ ಇಲಿ. ತೊರೆ ದಾಟಿ ಮೇಲಕ್ಕೇರಿ ಗೂಡಿನ ಅಂಚಿಗೆ ಇಳಿಯಿತು. ಹೆಣ್ಣು ಮರಿಯಂತೆ ಕೀರಲು ದನಿ ತೆಗೆದು ಕತ್ತು ಚಾಚಿತು. ಗಂಡು ಕಣ್ಣು ಮುಚ್ಚಿಕೊಂಡು ಇಲಿಯನ್ನು ಅದರ ಬಾಯಿಗಿಟ್ಟಿತು. ಕಚೇರಿಯ ಹೆಂಗಸು ಕೇಳಿದ್ದ ಪುರಾವೆ ಇದೇ. ಗೂಡು, ಜೋಡಿ, ಉಣಿಸುವುದು, ಮೂರೂ ಒಟ್ಟಿಗೆ.

ವರ್ಷಾ ಫೋನ್ ಎತ್ತಿದಳು. ಪರದೆಯಲ್ಲಿ ಎರಡು ಚುಕ್ಕೆ ಕಂಡವು, ಚಳಿಗೆ ಫೋನ್ ಆರಿಹೋಯಿತು. ಚಾರ್ವಿಯ ಫೋನಿನಲ್ಲಿ ಚುಕ್ಕೆಗಳು ಉಳಿದವು, ಗೂಬೆಗಳೆಂದು ಯಾರೂ ಒಪ್ಪುವ ಹಾಗಿರಲಿಲ್ಲ. ಗಂಡು ರೆಕ್ಕೆ ಬಿಚ್ಚಿ ಕಾಡಿನೊಳಗೆ ಹೋಯಿತು.

ಭಾವ ಮೆಲ್ಲಗೆ, "ಬಂತಾ ಫೋಟೋ?" ಎಂದರು.

ವರ್ಷಾ ತಿರುಗಿದಳು. ಈ ಸಲ ಚಾರ್ವಿಯ ಮೂಲಕ ಏನನ್ನೂ ಹೇಳಿಸಲಿಲ್ಲ.

"ಬರ್ಲಿಲ್ಲ ಭಾವ. ನೀವಿದ್ದೀರಲ್ಲ, ಹೆಂಗೆ ಬರತ್ತೆ? ನಿನ್ನೆಯಿಂದ ಒಂದೇ ಒಂದು ನಿಮಿಷ ಬಾಯಿ ಮುಚ್ಚಿದ್ದೀರಾ? ಒಂದು ವಸ್ತು ಮುಟ್ಟೋಕೆ ಮುಂಚೆ ಕೇಳಿದ್ದೀರಾ? ನಾಳೆ ಈ ಮರ ಇರಲ್ಲ. ಅದು ನಿಮಗೆ ಅರ್ಥವಾಗಲ್ಲ, ಯಾಕಂದ್ರೆ ನಿಮಗೆ ಇದು ಬರೀ ಗೂಬೆ."

ಭಾವನ ಮುಖದ ಬಣ್ಣ ಇಳಿಯಿತು. ಚಾರ್ವಿ ಹಿಮ ನೋಡುತ್ತ ನಿಂತಳು. ಬೈದದ್ದಕ್ಕೆ ವರ್ಷಾಳಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ, ಇನ್ನೂ ಒಂದಿಷ್ಟು ಬಾಕಿ ಉಳಿಯಿತು ಅನ್ನಿಸಿತು.

ಚೀಲದ ಪಕ್ಕದ ಜೇಬಿನಲ್ಲಿ ಗಿಡ್ಡ ಲೆನ್ಸ್ ಒಂದಿದೆ ಎಂದು ನೆನಪಿಸಿದವಳು ಚಾರ್ವಿ. ಅಳುಕುತ್ತಲೇ ತೆಗೆದು ನೋಡಿದರೆ ಅದು ಚಳಿಯಲ್ಲೇ ಇತ್ತು, ಶಾಲಿನ ಸೇವೆ ಅದಕ್ಕೆ ಸಿಕ್ಕಿರಲಿಲ್ಲ. ಗಾಜು ಸ್ವಚ್ಛವಾಗಿತ್ತು. ಉದ್ದನೆಯದನ್ನು ಬಿಚ್ಚಿ ಇದನ್ನು ಹಾಕಿದಾಗ ಎದುರಿನ ಮರ ಸ್ಪಷ್ಟವಾಗಿ ಕಂಡಿತು. ಆದರೆ ಬಹಳ ಚಿಕ್ಕದಾಗಿ. ಗೂಬೆ ಗೂಬೆಯಂತೆ ಕಾಣಬೇಕಾದರೆ ಗೂಡಿನ ಮರದ ಹತ್ತಿರಕ್ಕೇ ಹೋಗಬೇಕು. ಅಂದರೆ ತೊರೆ ದಾಟಬೇಕು.

ಚಾರ್ವಿ ಕೋಲಿನಿಂದ ಹಿಮವನ್ನು ಕುಟ್ಟುತ್ತ ದಡದುದ್ದಕ್ಕೂ ಹೋದಳು. ಎರಡು ಕಡೆ ಕೋಲು ಒಳಗೆ ಇಳಿಯಿತು, ಕಪ್ಪು ನೀರು ಮೇಲೆ ಬಂತು. ಕಿರಿದಾದ ಒಂದು ಕಡೆ ಗಟ್ಟಿ ಸದ್ದು ಬಂತು. ತನ್ನ ಸ್ಕೀಗಳೆರಡನ್ನೂ ಬಿಚ್ಚಿ ದಡದಿಂದ ದಡಕ್ಕೆ ಜೊತೆಯಾಗಿ ಹಾಸಿದಳು. ಹೊಟ್ಟೆಯ ಮೇಲೆ ತೆವಳಿ ಆಚೆ ಹೋದಳು.

ಭಾವ ಈಚೆಯೇ ಇರಬೇಕು, ಅಲುಗಾಡಬಾರದು ಎಂದು ವರ್ಷಾ ನೇರವಾಗಿ ಹೇಳಿದಳು. ಅವರು ತಲೆಯಾಡಿಸಿದರು.

ಅವಳು ಸ್ಕೀಗಳ ಮೇಲೆ ತೆವಳಿದಳು. ಕ್ಯಾಮೆರಾ ಎದೆಗೆ ಒತ್ತಿಕೊಂಡಿತ್ತು. ಕೆಳಗೆ ನೀರು ಗುಳುಗುಳು ಎನ್ನುವುದು ಕೇಳುತ್ತಿತ್ತು.

ಅರ್ಧಕ್ಕೆ ಬಂದಾಗ ಒಂದು ಸ್ಕೀ ಜಾರಿತು.

ಅವಳು ಪಕ್ಕಕ್ಕೆ ವಾಲಿದಳು. ಮಂಜುಗಡ್ಡೆ ಲಟಕ್ಕೆಂದಿತು. ಹಿಂದಿನಿಂದ ಯಾರೋ ಅವಳ ಬೂಟು ಹಿಡಿದು ಬಲವಾಗಿ ಮುಂದಕ್ಕೆ ನೂಕಿದರು. ಚಾರ್ವಿ ಕಾಲರ್ ಹಿಡಿದು ಎಳೆದುಕೊಂಡಳು. ವರ್ಷಾ ಆಚೆ ದಡದ ಹಿಮದಲ್ಲಿ ಮುಖ ಅಡಿಯಾಗಿ ಬಿದ್ದಳು.

ತಿರುಗಿ ನೋಡಿದರೆ ಭಾವ ಈಚೆ ದಡದಲ್ಲಿ ಬಿದ್ದಲ್ಲಿಂದ ಎದ್ದೇಳುತ್ತಿದ್ದರು.

"ಕಾಲೇನಾದ್ರೂ ನೀರಿಗೆ ಬಿತ್ತಾ?" ಎಂದು ಕೇಳಿದಳು.

"ಇಲ್ಲ. ಬರೀ ಹಿಮ. ನೀನು ಹೋಗು."

ಸಿಟ್ಟು ಇನ್ನೂ ಇಳಿದಿರಲಿಲ್ಲ, ಅವಳು ಮತ್ತೆ ಕೇಳಲಿಲ್ಲ.

ಇಬ್ಬರೂ ಮರದಿಂದ ಮರಕ್ಕೆ ಸರಿದರು. ಹೆಣ್ಣುಗೂಬೆ ಇವರ ಕಡೆ ತಿರುಗಿದಾಗ ನಿಂತರು, ಅದು ಮುಖ ತಿರುಗಿಸಿದಾಗ ನಾಲ್ಕು ಹೆಜ್ಜೆ ಇಟ್ಟರು. ಇನ್ನು ಹತ್ತಿರ ಹೋದರೆ ಅದು ಹೆದರಿ ಎದ್ದುಬಿಡಬಹುದು ಎಂದಾಗ ಬಿದ್ದ ಮರವೊಂದರ ಹಿಂದೆ ಕುಳಿತರು. ಗೂಬೆ ಇವರನ್ನು ಸ್ವಲ್ಪ ಹೊತ್ತು ದಿಟ್ಟಿಸಿತು, ಆಮೇಲೆ ಬೇಸರ ಬಂದಂತೆ ಕಣ್ಣು ಮುಚ್ಚಿತು.

ಕಾಯುವುದು ಶುರುವಾಯಿತು. ರೆಪ್ಪೆಗಳ ಮೇಲೆ ಉಸಿರು ಹೆಪ್ಪುಗಟ್ಟಿತು. ಬೆರಳುಗಳನ್ನು ಕಂಕುಳಿಗೆ ಸೇರಿಸಿ ಬಿಸಿ ಮಾಡಿಕೊಂಡರು. ತಾವು ದಾಟಿ ಬಂದ ದಡದಲ್ಲಿ ಕುಳ್ಳ ಪೈನ್ ಒಂದರ ಬುಡದಲ್ಲಿ ಹಳದಿ ಜಾಕೆಟ್ಟು ಕಾಣುತ್ತಿತ್ತು. ಅಲುಗುತ್ತಿರಲಿಲ್ಲ. ಫೋನಿಲ್ಲ, ಕೋಡುಬಳೆಯಿಲ್ಲ, ಕೆಮ್ಮೂ ಇಲ್ಲ. ಮುನಿಸಿಕೊಂಡಿದ್ದಾರೆ, ಒಳ್ಳೆಯದೇ ಆಯಿತು ಎಂದು ವರ್ಷಾ ಅಂದುಕೊಂಡಳು. ಎರಡು ದಿನಕ್ಕೆ ಮೊದಲು ಮುನಿಸಿಕೊಂಡಿದ್ದರೆ ಇನ್ನೂ ಒಳ್ಳೆಯದಿತ್ತು.

ಬಿಸಿಲು ಬಯಲಿಗೆ ಪೂರ್ತಿ ಇಳಿದ ಮೇಲೆ ಗಂಡು ಮತ್ತೆ ಬಂತು. ಬಾಯಿ ಖಾಲಿಯಿತ್ತು. ಬಯಲಿನ ನಡುವಿನ ಒಣಗಿದ ಪೈನ್ ಮೇಲೆ ಕೂತು ಹಿಮವನ್ನು ಆಲಿಸತೊಡಗಿತು. ಮುಖ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕೊನೆಗೆ ಒಂದು ಕಡೆ ನಿಂತಿತು.

ಅದು ನೋಡುತ್ತಿದ್ದುದು ಭಾವ ಕೂತ ಕಡೆಗೇ.

ಚಾರ್ವಿ ವರ್ಷಾಳ ಮುಂಗೈ ಹಿಡಿದುಕೊಂಡಳು. ಈಗ ಭಾವ ಒಂದು ಮಾತಾಡಿದರೆ, ಆ ಹಾಳು ಜಾಕೆಟ್ಟು ಒಂದು ಸಲ ಸರಬರ ಎಂದರೆ ಮುಗಿಯಿತು. ಗೂಬೆ ಹಾರಿತು, ತೇಲಿ ಬಂತು, ಭಾವನ ಕಾಲಿನಿಂದ ಎರಡು ಮಾರು ದೂರದಲ್ಲಿ ಹಿಮದೊಳಗೆ ಧುಮುಕಿತು. ಅಗಲ ರೆಕ್ಕೆಗಳು ಹಿಮದ ಮೇಲೆ ಹರಡಿ ಬಿದ್ದವು. ಭಾವ ಕಲ್ಲಿನಂತೆ ಕೂತಿದ್ದರು. ಗೂಬೆ ತಲೆ ಎತ್ತಿ ಅವರ ಮುಖವನ್ನೇ ನೋಡಿತು. ಆಮೇಲೆ ಕಾಲನ್ನು ಹಿಮದಿಂದ ಎಳೆದುಕೊಂಡು, ಇಲಿಯನ್ನು ಬಾಯಿಗೆ ಬದಲಿಸಿ ಮೇಲೆದ್ದಿತು.

ತೊರೆ ದಾಟಿತು. ಗೂಡಿಗೆ ಬಂತು. ಹೆಣ್ಣು ಕತ್ತು ಚಾಚಿತು.

ವರ್ಷಾ ಗುಂಡಿ ಒತ್ತಿದಳು. ಒತ್ತುತ್ತಲೇ ಇದ್ದಳು. ಗಂಡು ಹೋದ ಮೇಲೂ ಒತ್ತುತ್ತಿದ್ದಳು. ಚಾರ್ವಿ ಅವಳ ಕೈ ಬಿಡಿಸಬೇಕಾಯಿತು. ಹಿಂಬದಿಯ ಪರದೆಯಲ್ಲಿ ಎರಡು ಅಗಲ ಮುಖಗಳು, ನಡುವೆ ಇಲಿ, ಕೆಳಗೆ ಗೂಡಿನ ಕಡ್ಡಿಗಳು. ಸ್ಪಷ್ಟವಾಗಿತ್ತು. ಅವಳಿಗೆ ಅಳು ಬಂತು, ಕಣ್ಣೀರು ರೆಪ್ಪೆಯಲ್ಲೇ ಗಟ್ಟಿಯಾಯಿತು.

ಸ್ಕೀಗಳನ್ನು ಮತ್ತೆ ಸರಿಯಾಗಿ ಹಾಸಿ ತೊರೆ ದಾಟಿ ವಾಪಸ್ ಬಂದಾಗಲೂ ಭಾವ ಎದ್ದಿರಲಿಲ್ಲ.

"ಸಿಕ್ತಾ?" ಎಂದರು. ತುಟಿ ಸರಿಯಾಗಿ ಆಡುತ್ತಿರಲಿಲ್ಲ.

"ಸಿಕ್ತು ಭಾವ. ಏಳಿ, ಹೋಗೋಣ."

"ಎಡಗಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲಮ್ಮ."

ವರ್ಷಾ ಬಗ್ಗಿ ನೋಡಿದಳು. ಎಡಗಾಲು ಬೂಟಿನಿಂದ ಮೊಣಕಾಲಿನವರೆಗೂ ಮಂಜುಗಡ್ಡೆ ಕಟ್ಟಿತ್ತು. ಅವಳನ್ನು ನೂಕುವಾಗ ಆ ಕಾಲು ತೊರೆಗೆ ಇಳಿದಿತ್ತು. ಅವರು ಆಗಿನಿಂದಲೂ ಒದ್ದೆ ಕಾಲಿನಲ್ಲೇ ಕೂತಿದ್ದರು.

"ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು.

"ಹೇಳಿದ್ರೆ ನೀನು ವಾಪಸ್ ಹೊರಡ್ತಿದ್ದೆ."

ಅವಳಿಗೆ ಅವರನ್ನು ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಹೊತ್ತಿರಲಿಲ್ಲ. ಚಾರ್ವಿ ಆಗಲೇ ಚಾಕುವಿನಿಂದ ಬೂಟಿನ ದಾರ ಕತ್ತರಿಸುತ್ತಿದ್ದಳು. ಬೆರಳುಗಳು ಮೇಣದಂತೆ ಬೆಳ್ಳಗಿದ್ದವು. ಉಜ್ಜಬಾರದು ಎಂದು ಹೇಳಿ ಅವಳು ತನ್ನ ಜಾಕೆಟ್ಟು ಎತ್ತಿ ಅಪ್ಪನ ಪಾದವನ್ನು ನೇರ ಹೊಟ್ಟೆಗೆ ಒತ್ತಿಕೊಂಡಳು. ಚಳಿಗೆ ಅವಳ ಉಸಿರು ಸಿಕ್ಕಿಕೊಂಡಿತು, ಆದರೂ ಬಿಡಲಿಲ್ಲ. ಆಮೇಲೆ ಒಣ ಸಾಕ್ಸು, ಅದರ ಮೇಲೆ ವರ್ಷಾಳ ಉಣ್ಣೆಯ ಕೈಗವಸು, ಅದರ ಮೇಲೆ ಟೋಪಿ.

ನಡೆಸುವ ಹಾಗಿರಲಿಲ್ಲ. ವರ್ಷಾಳ ಸ್ಕೀಗಳಿಗೆ ಕೋಲುಗಳನ್ನು ಅಡ್ಡ ಕಟ್ಟಿ ಜಾರುಬಂಡಿಯಂತೆ ಮಾಡಿ, ಮೇಲೆ ಚೀಲ ಹಾಸಿ ಭಾವನನ್ನು ಕೂರಿಸಿದರು. ಚಾರ್ವಿ ತನ್ನ ಸ್ಕೀ ತೊಟ್ಟು ಮುಂದೆ ಎಳೆದಳು, ವರ್ಷಾ ಭಾವನ ಸ್ನೋಶೂ ಕಟ್ಟಿಕೊಂಡು ಹಿಂದಿನಿಂದ ನೂಕಿದಳು. ಬಯಲಿನಲ್ಲಿ ಸಲೀಸಾಗಿ ಹೋಯಿತು. ಕಾಡಿನ ಏರಿನಲ್ಲಿ ಎರಡು ಸಲ ಬಂಡಿ ಮಗುಚಿತು, ಕಟ್ಟು ಬಿಚ್ಚಿತು, ಮತ್ತೆ ಕಟ್ಟಿದರು. ತೊಡೆಗಳು ಉರಿಯುತ್ತಿದ್ದವು. ಅರ್ಧ ದಾರಿಯಲ್ಲಿ ಭಾವನಿಗೆ ಜೀವ ಬಂತು, ಎಡಕ್ಕೆ ತಗೊಳ್ಳಿ, ಅಲ್ಲಿ ಬೇರಿದೆ, ಸ್ವಲ್ಪ ನಿಧಾನ ಎಂದು ದಾರಿ ಹೇಳತೊಡಗಿದರು. ವರ್ಷಾಳಿಗೆ ಮೊದಲ ಸಲ ಆ ಮಾತು ಕೇಳಿ ಸಮಾಧಾನವಾಯಿತು.

ಮರದ ಮನೆಯಲ್ಲಿ ಕಾಲನ್ನು ಉಗುರು ಬೆಚ್ಚನೆಯ ನೀರಿಗೆ ಇಳಿಸಿದರು. ಬೆಳ್ಳಗಿದ್ದ ಬೆರಳುಗಳು ಕೆಂಪಾದಾಗ ಭಾವ ನೋವಿಗೆ ಮೇಜು ಹಿಡಿದುಕೊಂಡು ನರಳಿದರು. ಚಾರ್ವಿ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ ಸ್ವೀಡಿಷ್‌ನಲ್ಲಿ ಎಲ್ಲ ಹೇಳಿದಳು. ಬಣ್ಣ ಮರಳಿದ್ದರೆ, ಸ್ಪರ್ಶ ತಿಳಿಯುತ್ತಿದ್ದರೆ ಬೆರಳಿಗೆ ಅಪಾಯವಿಲ್ಲ, ಗುಳ್ಳೆ ಎದ್ದರೆ ಆಸ್ಪತ್ರೆಗೆ ಬನ್ನಿ ಎಂದರಂತೆ. ಗುಳ್ಳೆ ಏಳಲಿಲ್ಲ. ಅಕ್ಕ ಫೋನ್ ಮಾಡಿದಾಗ ಭಾವ ಎಲ್ಲ ಫಸ್ಟ್ ಕ್ಲಾಸ್ ಎಂದರು. ವರ್ಷಾ ಜಗುಲಿಯಲ್ಲಿ ನಿಂತು ಕ್ಯಾಮೆರಾದಿಂದ ಮೆಮೊರಿ ಕಾರ್ಡ್ ಒಂದನ್ನೇ ತೆಗೆದು ಒಳಗೆ ತಂದು ಚಿತ್ರವನ್ನು ಕಚೇರಿಗೆ ಕಳಿಸಿದಳು.

ಸೋಮವಾರ ಬೆಳಿಗ್ಗೆ ಸಾಮಾನು ಕಾರಿಗೆ ತುಂಬುತ್ತಿದ್ದಾಗ ಆ ಹೆಂಗಸೇ ಫೋನ್ ಮಾಡಿದಳು. ಈ ಸಲ ಮರದ ಬಗ್ಗೆ ಏನೂ ಹೇಳಲಿಲ್ಲ. ಗೂಬೆಗಳು ಮರಿ ಮಾಡಿ ಹಾರಿಸುವವರೆಗೆ ಆ ಕಾಡನ್ನು ಯಾರೂ ಮುಟ್ಟುವುದಿಲ್ಲ, ಆಮೇಲೆ ತಾವೇ ಬಂದು ನೋಡಿ ತೀರ್ಮಾನಿಸುತ್ತೇವೆ ಎಂದಳು. ಶಾಶ್ವತ ಅಂತೇನಲ್ಲ. ಒಂದು ಬೇಸಿಗೆಯಂತೂ ಗಟ್ಟಿ.

ಕಾಡಿನ ರಸ್ತೆ ಡಾಂಬರು ರಸ್ತೆಗೆ ಸೇರುವಲ್ಲಿ ಆ ಯಂತ್ರ ಟ್ರೈಲರಿನ ಮೇಲೆಯೇ ನಿಂತಿತ್ತು, ಸರಪಳಿ ಬಿಚ್ಚಿರಲಿಲ್ಲ. ಚಾಲಕ ಕೆಳಗಿಳಿದು ಫೋನಿನಲ್ಲಿ ಮಾತನಾಡುತ್ತಿದ್ದ. ಮಾತು ಮುಗಿಸಿ, ಭುಜ ಕುಣಿಸಿ, ಟ್ರೈಲರನ್ನು ಬಂದ ದಾರಿಗೇ ತಿರುಗಿಸತೊಡಗಿದ. ಅವನಿಗೆ ದಾರಿ ಬಿಡಲು ವರ್ಷಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಅದು ಹೋಗುವುದನ್ನು ಮೂವರೂ ನೋಡಿದರು.

ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಭಾವ ಗಂಟಲು ಸರಿಮಾಡಿಕೊಂಡರು.

"ಬೈಯೋದು ಇನ್ನೂ ಬಾಕಿ ಇದ್ಯೇನಮ್ಮ?"

"ಇದೆ ಭಾವ, ಬೇಕಾದಷ್ಟಿದೆ," ಎಂದಳು ವರ್ಷಾ. "ಮೊದಲು ಕಾಲು ವಾಸಿಯಾಗ್ಲಿ. ಏಪ್ರಿಲ್‌ನಲ್ಲಿ ಮೊಟ್ಟೆ ಇಡತ್ತೆ, ನೋಡೋಕೆ ಬರ್ತೀರಲ್ಲ, ಆಗ ಬೈತೀನಿ."